ಎಐ ಏಜೆಂಟ್‌ಗಳಿಗಾಗಿ ಸಾಫ್ಟ್‌ವೇರ್ ಟೂಲ್‌ಗಳ ವಿವರಣೆ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪ್ರೋಗ್ರಾಮರ್ ಒಬ್ಬರು ಹೊಸ ಎಪಿಐಯ (ಒಂದು ಪ್ರೋಗ್ರಾಮ್ ಇನ್ನೊಂದರ ಸೇವೆಯನ್ನು ಬಳಸಲು ಇರುವ ಸಂಪರ್ಕ ವ್ಯವಸ್ಥೆಯ) ಕೈಪಿಡಿಯನ್ನು ಓದುವಾಗ, ಅದರಲ್ಲಿ ಬರೆಯದೇ ಬಿಟ್ಟ ಎಷ್ಟೋ ಸಂಗತಿಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅನುಮಾನ ಬಂದರೆ ಸಹೋದ್ಯೋಗಿಯನ್ನು ಕೇಳುತ್ತಾರೆ, ಮೂಲ ಕೋಡನ್ನು ತೆರೆದು ನೋಡುತ್ತಾರೆ, ಪರೀಕ್ಷಾ ಸರ್ವರ್‌ನಲ್ಲಿ ಒಮ್ಮೆ ಓಡಿಸಿ ನೋಡುತ್ತಾರೆ. ಎಐ ಏಜೆಂಟ್‌ಗೆ, ಅಂದರೆ ಭಾಷಾ ಮಾಡೆಲ್ ಒಂದರ ನೆರವಿನಿಂದ ತಾನೇ ಟೂಲ್‌ಗಳನ್ನು ಬಳಸಿ ಕೆಲಸ ಮಾಡುವ ಪ್ರೋಗ್ರಾಮ್‌ಗೆ, ಈ ಸೌಕರ್ಯಗಳಲ್ಲಿ ಬಹುಪಾಲು ಇರುವುದಿಲ್ಲ. ಅದರ ಮುಂದಿರುವುದು ಟೂಲ್‌ನ ಹೆಸರು, ಒಂದು ವಿವರಣೆ ಮತ್ತು ಪ್ಯಾರಾಮೀಟರ್‌ಗಳ, ಅಂದರೆ ಟೂಲ್‌ಗೆ ಕೊಡಬೇಕಾದ ಮೌಲ್ಯಗಳ, ಪಟ್ಟಿ. ಅಷ್ಟನ್ನೇ ಓದಿ ಅದು ನಿರ್ಧರಿಸುತ್ತದೆ, ಮತ್ತು ಆ ನಿರ್ಧಾರ ಕೂಡಲೇ ಕ್ರಿಯೆಯಾಗಿಬಿಡುತ್ತದೆ. ಆದ್ದರಿಂದ ಏಜೆಂಟ್‌ಗಾಗಿ ಬರೆದ ವಿವರಣೆಯನ್ನು ಟೂಲ್ ಸಿದ್ಧವಾದ ಮೇಲೆ ಸೇರಿಸುವ ಪುರವಣಿಯೆಂದು ಭಾವಿಸಬಾರದು. ಅದು ಟೂಲ್‌ನ ಕಾರ್ಯವಿಧಾನದ ಒಂದು ಭಾಗವೇ ಆಗಿದ್ದು, ಕೋಡಿಗೆ ಕೊಡುವಷ್ಟೇ ಶ್ರದ್ಧೆಯನ್ನೂ ಪರೀಕ್ಷೆಯನ್ನೂ ಬೇಡುತ್ತದೆ.

ಈ ಮಾರ್ಗದರ್ಶಿಯುದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸಿದ್ದೇನೆ: ಕಚೇರಿಯ ಸಭಾಕೊಠಡಿಗಳನ್ನು ಕಾಯ್ದಿರಿಸುವ ಒಂದು ವ್ಯವಸ್ಥೆ. ಖಾಲಿ ಕೊಠಡಿಗಳನ್ನು ಹುಡುಕಲು, ಕಾಯ್ದಿರಿಸಲು, ಕಾಯ್ದಿರಿಸಿದ್ದನ್ನು ರದ್ದು ಮಾಡಲು ಅದರಲ್ಲಿ ಬೇರೆ ಬೇರೆ ಟೂಲ್‌ಗಳಿವೆ ಎಂದಿಟ್ಟುಕೊಳ್ಳೋಣ.

ಏಜೆಂಟ್ ವಿವರಣೆಯನ್ನು ಓದುವ ಬಗೆ

ಬರೆಯುವ ಮೊದಲು ಓದುಗರು ಯಾರೆಂದು ತಿಳಿದಿರಬೇಕು. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಯಲ್ಲಿ ಫಂಕ್ಷನ್ ಕಾಲಿಂಗ್ ಸೌಲಭ್ಯವನ್ನು ತಂದಾಗ ಒಂದು ಸರಳ ವಿನ್ಯಾಸ ಬಳಕೆಗೆ ಬಂತು: ಪ್ರತಿ ಟೂಲ್‌ಗೂ ಒಂದು ಹೆಸರು, ಮಾತಿನಲ್ಲಿ ಬರೆದ ಒಂದು ವಿವರಣೆ, ಮತ್ತು ಜೆಸನ್ ಸ್ಕೀಮಾದಲ್ಲಿ (ದತ್ತಾಂಶದ ರೂಪ ಹೇಗಿರಬೇಕೆಂದು ಬರೆಯುವ ಒಂದು ಮಾನಕದಲ್ಲಿ) ಬರೆದ ಪ್ಯಾರಾಮೀಟರ್‌ಗಳು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಂಸಿಪಿ, ಕೂಡ ಟೂಲ್‌ಗಳನ್ನು ಬಹುಮಟ್ಟಿಗೆ ಹೀಗೆಯೇ ವರ್ಣಿಸುತ್ತದೆ. ಮಾಡೆಲ್ ತಾನೇ ಟೂಲ್ ಅನ್ನು ಓಡಿಸುವುದಿಲ್ಲ. ಯಾವ ಟೂಲ್ ಬೇಕು, ಯಾವ ಮೌಲ್ಯಗಳೊಂದಿಗೆ ಬೇಕು ಎಂಬುದನ್ನು ಅದು ಬರೆದು ಕೊಡುತ್ತದೆ. ಮಾಡೆಲ್ ಅನ್ನು ಬಳಸುತ್ತಿರುವ ಪ್ರೋಗ್ರಾಮ್ ಆ ಟೂಲ್ ಅನ್ನು ಓಡಿಸಿ ಫಲಿತಾಂಶವನ್ನು ಮರಳಿ ಮಾಡೆಲ್‌ನ ಮುಂದಿಡುತ್ತದೆ. ಅದನ್ನು ಓದಿಕೊಂಡು ಮಾಡೆಲ್ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ.

ಇದರಿಂದ ಬರೆಯುವವರಿಗೆ ಹೊಳೆಯಬೇಕಾದ ಸಂಗತಿಗಳು ಹಲವು. ಟೂಲ್‌ಗಳ ವಿವರಣೆಗಳು ಸಾಮಾನ್ಯವಾಗಿ ಸಂಭಾಷಣೆಯ ಪ್ರತಿ ಸುತ್ತಿನಲ್ಲೂ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಮ್ಮೆಗೆ ಓದಬಲ್ಲ ಸೀಮಿತ ಪಠ್ಯದಲ್ಲಿ, ಜಾಗ ಹಿಡಿಯುತ್ತವೆ. ಆದ್ದರಿಂದ ಬರೆದ ಪ್ರತಿ ವಾಕ್ಯಕ್ಕೂ ಟೋಕನ್‌ಗಳ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳ) ವೆಚ್ಚವಿದೆ. ಎಲ್ಲ ಟೂಲ್‌ಗಳ ವಿವರಣೆಗಳೂ ಒಟ್ಟಿಗೆ ಕಾಣುವುದರಿಂದ ಅವು ಒಂದರೊಡನೊಂದು ಪೈಪೋಟಿ ನಡೆಸುತ್ತವೆ. ತನ್ನಷ್ಟಕ್ಕೆ ಸ್ಪಷ್ಟವಾಗಿರುವ ವಿವರಣೆಯೂ ಪಕ್ಕದ ಟೂಲ್‌ನ ವಿವರಣೆಯ ಜೊತೆ ಓದಿದಾಗ ಗೊಂದಲಕ್ಕೆ ಕಾರಣವಾಗಬಹುದು. ಟೂಲ್‌ಗಳ ಸಂಖ್ಯೆ ಹೆಚ್ಚಾದಾಗ ಕೆಲವು ವ್ಯವಸ್ಥೆಗಳು ಎಲ್ಲವನ್ನೂ ಒಮ್ಮೆಲೇ ಮುಂದಿಡದೆ, ಬೇಕಾದಾಗ ಹುಡುಕಿ ತರುತ್ತವೆ. ಅಂಥ ಕಡೆ ಟೂಲ್‌ನ ಹೆಸರು ಮತ್ತು ವಿವರಣೆಯ ಮೊದಲ ವಾಕ್ಯದ ಮೇಲೆಯೇ ಬಹುಪಾಲು ಭಾರ ಬೀಳುತ್ತದೆ.

ಹೆಜ್ಜೆ 1: ಬರೆಯುವ ಮೊದಲು ಟೂಲ್‌ಗಳ ಗಡಿಗಳನ್ನು ನೋಡಿಕೊಳ್ಳಿ

ಎಷ್ಟು ಚೆನ್ನಾಗಿ ಬರೆದರೂ ವಿವರಣೆಯಿಂದ ಸರಿಪಡಿಸಲಾಗದ ವಿನ್ಯಾಸಗಳಿವೆ. ಇರುವ ಎಪಿಐಯ ಪ್ರತಿ ಎಂಡ್‌ಪಾಯಿಂಟ್‌ಗೂ (ಒಂದೊಂದು ಸೇವೆಯ ವಿಳಾಸಕ್ಕೂ) ಒಂದೊಂದು ಟೂಲ್ ಮಾಡಿಬಿಡುವುದು ಅವುಗಳಲ್ಲಿ ಸಾಮಾನ್ಯವಾದದ್ದು. ಮಹಡಿಗಳ ಪಟ್ಟಿ ತರುವುದಕ್ಕೆ ಒಂದು, ಮಹಡಿಯ ಕೊಠಡಿಗಳಿಗೆ ಒಂದು, ಕೊಠಡಿಯ ಆಸನಸಂಖ್ಯೆಗೆ ಒಂದು, ಅದರ ಆ ದಿನದ ವೇಳಾಪಟ್ಟಿಗೆ ಮತ್ತೊಂದು ಎಂದಿದ್ದರೆ, ಹತ್ತು ಜನ ಕೂರುವ ಖಾಲಿ ಕೊಠಡಿಯೊಂದನ್ನು ಹುಡುಕಲು ಏಜೆಂಟ್ ಹತ್ತಾರು ಕರೆಗಳನ್ನು ಮಾಡಬೇಕಾಗುತ್ತದೆ. ಪ್ರತಿ ಕರೆಯ ಫಲಿತಾಂಶವೂ ಅದರ ಕಾಂಟೆಕ್ಸ್ಟ್ ಅನ್ನು ತುಂಬುತ್ತದೆ, ಪ್ರತಿ ಕರೆಯೂ ತಪ್ಪಾಗುವ ಒಂದು ಅವಕಾಶ.

ಆದ್ದರಿಂದ ಮೊದಲು ಬಳಕೆದಾರರು ಏಜೆಂಟ್‌ಗೆ ಒಪ್ಪಿಸಬಹುದಾದ ಕೆಲಸಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ: ನಾಳೆ ಮಧ್ಯಾಹ್ನ ಎಂಟು ಜನರಿಗೆ ಪರದೆಯಿರುವ ಕೊಠಡಿ ಬೇಕು, ಗುರುವಾರದ ಸಭೆಯನ್ನು ಒಂದು ಗಂಟೆ ಮುಂದೂಡಿ. ಪ್ರತಿ ಕೆಲಸಕ್ಕೂ ಯಾವ ಟೂಲ್‌ಗಳು ಬೇಕಾಗುತ್ತವೆ ಎಂದು ಗುರುತಿಸಿ. ಎರಡು ಟೂಲ್‌ಗಳ ನಡುವಿನ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲು ನಿಮಗೇ ಸಾಧ್ಯವಾಗದಿದ್ದರೆ ಅವುಗಳನ್ನು ಒಂದುಗೂಡಿಸುವುದು ಮೇಲು. ಒಂದೇ ಟೂಲ್ ಹುಡುಕುವುದನ್ನೂ ಅಳಿಸುವುದನ್ನೂ ಮಾಡುತ್ತಿದ್ದರೆ ಅದನ್ನು ಒಡೆಯಬೇಕು; ಓದುವ ಕೆಲಸ ಮತ್ತು ಬದಲಾಯಿಸುವ ಕೆಲಸ ಒಂದೇ ಟೂಲ್‌ನಲ್ಲಿ ಸೇರಿಕೊಂಡರೆ ಅನುಮತಿಗಳನ್ನು ಬೇರ್ಪಡಿಸುವುದು ಕಷ್ಟ.

ಹೆಜ್ಜೆ 2: ಹೆಸರಿಡುವುದು

ಇದರ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಕ್ರಿಯಾಪದ ಮತ್ತು ಅದು ಯಾವುದರ ಮೇಲೆ ನಡೆಯುತ್ತದೆ ಎಂಬ ಪದ, ಎರಡೂ ಹೆಸರಿನಲ್ಲಿರಲಿ: ಸರ್ಚ್_ರೂಮ್ಸ್, ಬುಕ್_ರೂಮ್, ಕ್ಯಾನ್ಸಲ್_ಬುಕಿಂಗ್. ಮ್ಯಾನೇಜ್, ಹ್ಯಾಂಡಲ್, ಪ್ರೋಸೆಸ್ ಮುಂತಾದ ಪದಗಳು ಏನನ್ನೂ ಹೇಳುವುದಿಲ್ಲ. ಒಂದು ಟೂಲ್‌ನಲ್ಲಿ ಕ್ಯಾನ್ಸಲ್ ಎಂದು ಬರೆದು, ಅದೇ ಅರ್ಥಕ್ಕೆ ಇನ್ನೊಂದರಲ್ಲಿ ಡಿಲೀಟ್ ಎಂದು ಬರೆದರೆ ಏಜೆಂಟ್ ಅವೆರಡೂ ಬೇರೆ ಬೇರೆ ಪರಿಣಾಮಗಳೆಂದು ಊಹಿಸುತ್ತದೆ, ಮತ್ತು ಹಾಗೆ ಊಹಿಸುವುದರಲ್ಲಿ ತಪ್ಪೇನೂ ಇಲ್ಲ. ಏಜೆಂಟ್ ಒಂದೇ ಸಮಯದಲ್ಲಿ ಹಲವು ಸರ್ವರ್‌ಗಳಿಗೆ ಸಂಪರ್ಕ ಹೊಂದಿರುವ ಸಾಧ್ಯತೆಯಿದ್ದರೆ, ಹೆಸರಿನ ಆರಂಭದಲ್ಲಿ ನಿಮ್ಮ ವ್ಯವಸ್ಥೆಯನ್ನು ಗುರುತಿಸುವ ಒಂದು ಪದವನ್ನು ಸೇರಿಸಿ. ಬರಿಯ ಸರ್ಚ್ ಎಂಬ ಹೆಸರಿನ ನಾಲ್ಕು ಟೂಲ್‌ಗಳು ಒಟ್ಟಿಗೆ ಬಂದರೆ ಯಾವ ವಿವರಣೆಯೂ ಸಾಕಾಗುವುದಿಲ್ಲ.

ಹೆಜ್ಜೆ 3: ವಿವರಣೆಯನ್ನು ಬರೆಯುವುದು

ಈ ಇಡೀ ಕೆಲಸದ ತಿರುಳು ಇಲ್ಲಿದೆ. ಬಹಳಷ್ಟು ವಿವರಣೆಗಳು ಟೂಲ್ ಏನು ಮಾಡುತ್ತದೆ ಎಂದಷ್ಟೇ ಹೇಳಿ ನಿಲ್ಲುತ್ತವೆ. ಏಜೆಂಟ್‌ಗೆ ಬೇಕಾಗಿರುವುದು ಅದಕ್ಕಿಂತ ಹೆಚ್ಚಿನದು: ಈ ಸಂದರ್ಭದಲ್ಲಿ ಈ ಟೂಲ್ ಅನ್ನು ಕರೆಯಬೇಕೇ, ಬೇಡವೇ ಎಂಬ ನಿರ್ಧಾರಕ್ಕೆ ಆಧಾರ. ಆದ್ದರಿಂದ ವಿವರಣೆಯ ಮೊದಲ ವಾಕ್ಯ ಟೂಲ್‌ನ ಕೆಲಸವನ್ನು ಪೂರ್ಣವಾಗಿ ಹೇಳಲಿ. ಅದರ ಬೆನ್ನಿಗೇ ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬಳಸಬಾರದಿದ್ದರೆ ಅದರ ಬದಲಿಗೆ ಯಾವ ಟೂಲ್ ಬಳಸಬೇಕು ಎಂಬುದು ಬರಲಿ. ನಂತರ ಏನು ಮರಳಿ ಬರುತ್ತದೆ, ಏನು ಬದಲಾಗುತ್ತದೆ, ಯಾವ ಮಿತಿಗಳಿವೆ ಎಂಬುದನ್ನು ತಿಳಿಸಿ.

“ಕೊಠಡಿಗಳನ್ನು ಹುಡುಕುತ್ತದೆ” ಎಂಬ ವಿವರಣೆಯನ್ನು ನೋಡಿ. ಖಾಲಿ ಇರುವ ಕೊಠಡಿಗಳನ್ನು ಮಾತ್ರ ಹುಡುಕುತ್ತದೆಯೇ, ಎಲ್ಲವನ್ನೂ ಹುಡುಕುತ್ತದೆಯೇ? ಹುಡುಕಿದ ಮಾತ್ರಕ್ಕೆ ಕೊಠಡಿ ನಮಗಾಗಿ ಕಾದಿರುತ್ತದೆಯೇ? ಇದಕ್ಕೆಲ್ಲ ಉತ್ತರವಿಲ್ಲ. ಅದನ್ನೇ ಹೀಗೆ ಬರೆಯಬಹುದು:

> ಕೊಟ್ಟ ಅವಧಿಯುದ್ದಕ್ಕೂ ಖಾಲಿ ಇರುವ ಸಭಾಕೊಠಡಿಗಳ ಪಟ್ಟಿಯನ್ನು ನೀಡುತ್ತದೆ. ಬುಕ್_ರೂಮ್ ಅನ್ನು ಕರೆಯುವ ಮೊದಲು, ಕೊಠಡಿಯ ಐಡಿ ಗೊತ್ತಿಲ್ಲದಿದ್ದಾಗ ಇದನ್ನು ಬಳಸಿ. ಈಗಾಗಲೇ ಮಾಡಿರುವ ಕಾಯ್ದಿರಿಸುವಿಕೆಗಳನ್ನು ನೋಡಲು ಇದನ್ನು ಬಳಸಬೇಡಿ. ಅದಕ್ಕೆ ಲಿಸ್ಟ್_ಬುಕಿಂಗ್ಸ್ ಇದೆ. ಇದು ಏನನ್ನೂ ಬದಲಾಯಿಸುವುದಿಲ್ಲ, ಕೊಠಡಿಯನ್ನು ಹಿಡಿದಿಡುವುದೂ ಇಲ್ಲ. ಹುಡುಕಿದ ಮತ್ತು ಕಾಯ್ದಿರಿಸುವ ನಡುವಿನ ಸಮಯದಲ್ಲಿ ಬೇರೊಬ್ಬರು ಅದನ್ನು ತೆಗೆದುಕೊಳ್ಳಬಹುದು. ಒಮ್ಮೆಗೆ ಗರಿಷ್ಠ 20 ಕೊಠಡಿಗಳನ್ನು, ಆಸನಸಂಖ್ಯೆಯ ಏರಿಕೆ ಕ್ರಮದಲ್ಲಿ ಕೊಡುತ್ತದೆ. ಇಂದಿನಿಂದ 90 ದಿನಗಳಾಚೆಗಿನ ಅವಧಿಗೆ ಇದು ಕೆಲಸ ಮಾಡುವುದಿಲ್ಲ.

ಇದರಲ್ಲಿ ಅಲಂಕಾರದ ವಾಕ್ಯ ಒಂದೂ ಇಲ್ಲ. ಪ್ರತಿಯೊಂದೂ ಏಜೆಂಟ್ ಮಾಡಬಹುದಾದ ಒಂದು ನಿರ್ದಿಷ್ಟ ತಪ್ಪನ್ನು ತಡೆಯುತ್ತದೆ. ವಿವರಣೆಯಲ್ಲಿ ಒಂದು ವಾಕ್ಯ ಉಳಿಯಬೇಕೇ, ಹೋಗಬೇಕೇ ಎಂದು ತೀರ್ಮಾನಿಸಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಗೊತ್ತಿಲ್ಲ: ಈ ವಾಕ್ಯ ಇಲ್ಲದಿದ್ದರೆ ಯಾವ ತಪ್ಪು ನಡೆಯುತ್ತದೆ? ಉತ್ತರ ಹೊಳೆಯದಿದ್ದರೆ ವಾಕ್ಯವನ್ನು ತೆಗೆದುಹಾಕಿ. “ಶಕ್ತಿಶಾಲಿಯಾದ”, “ಸುಲಭವಾಗಿ ಬಳಸಬಹುದಾದ” ಎಂಬಂಥ ವಿಶೇಷಣಗಳು ಈ ಪರೀಕ್ಷೆಯಲ್ಲಿ ಮೊದಲು ಬೀಳುತ್ತವೆ. ಅವು ನಿರುಪಯುಕ್ತವಷ್ಟೇ ಅಲ್ಲ, ಬೇಡದ ಕಡೆಯೂ ಈ ಟೂಲ್ ಅನ್ನೇ ಆರಿಸುವಂತೆ ಮಾಡಿ ಹಾನಿಯನ್ನೂ ಉಂಟುಮಾಡಬಲ್ಲವು.

ಮಿತಿಗಳನ್ನು ಬರೆಯಲು ಹಿಂಜರಿಯುವವರಿದ್ದಾರೆ. 1971ರಲ್ಲಿ ಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲಿಯೇ ಕಮಾಂಡ್‌ಗಳ ಪುಟಗಳಲ್ಲಿ ಬಗ್ಸ್ ಎಂಬ ಶೀರ್ಷಿಕೆಯಡಿ, ಆ ಕಮಾಂಡ್‌ನ ತಿಳಿದಿರುವ ದೋಷಗಳನ್ನು ಅದನ್ನು ಬರೆದವರೇ ಬರೆದಿಡುವ ಪದ್ಧತಿಯಿತ್ತು. ಆ ಪ್ರಾಮಾಣಿಕತೆ ಈಗ ಇನ್ನಷ್ಟು ಬೇಕಾಗಿದೆ, ಏಕೆಂದರೆ ದಾಖಲಾಗದ ಮಿತಿಯೊಂದಕ್ಕೆ ಎದುರಾದ ಏಜೆಂಟ್ ತನ್ನ ಕರೆಯಲ್ಲೇ ದೋಷವಿದೆಯೆಂದು ತಿಳಿದು ಬೇರೆ ಬೇರೆ ಮೌಲ್ಯಗಳೊಂದಿಗೆ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಹೋಗುತ್ತದೆ.

ಹೆಜ್ಜೆ 4: ಪ್ಯಾರಾಮೀಟರ್‌ಗಳು

ಪ್ರತಿ ಪ್ಯಾರಾಮೀಟರ್‌ಗೂ ಅದರದೇ ವಿವರಣೆ ಇರಬೇಕು, ಮತ್ತು ಅದು ಪ್ಯಾರಾಮೀಟರ್‌ನ ಹೆಸರನ್ನೇ ಮತ್ತೊಮ್ಮೆ ಹೇಳುವಂತಿರಬಾರದು. ಡೇಟ್ ಎಂಬ ಪ್ಯಾರಾಮೀಟರ್‌ಗೆ “ದಿನಾಂಕ” ಎಂದು ವಿವರಣೆ ಬರೆದರೆ ಬರೆಯದಂತೆಯೇ. 04/03/2026 ಎಂಬುದು ಮಾರ್ಚ್ 4 ಆಗಬಹುದು, ಏಪ್ರಿಲ್ 3 ಕೂಡ ಆಗಬಹುದು. ಐಎಸ್‌ಒ 8601 ಮಾದರಿಯಲ್ಲಿ, ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2026-03-04 ಎಂದು ಬರೆಯಬೇಕೆಂದು ಸ್ಪಷ್ಟವಾಗಿ ಹೇಳಿ, ಒಂದು ಉದಾಹರಣೆಯನ್ನೂ ಕೊಡಿ. ಸಮಯವಿದ್ದರೆ ಟೈಮ್‌ಝೋನ್ ಯಾವುದು, ಅದನ್ನು ಬರೆಯದೆ ಬಿಟ್ಟರೆ ವ್ಯವಸ್ಥೆ ಏನೆಂದು ಭಾವಿಸುತ್ತದೆ ಎಂಬುದನ್ನು ತಿಳಿಸಿ. ಅವಧಿಯ ಕೊನೆಯ ಕ್ಷಣ ಅವಧಿಯೊಳಗೆ ಸೇರುತ್ತದೆಯೇ ಎಂಬುದನ್ನು ಹೇಳುವುದನ್ನು ಬಹಳ ಮಂದಿ ಮರೆಯುತ್ತಾರೆ. ಹತ್ತರಿಂದ ಹನ್ನೊಂದರವರೆಗಿನ ಸಭೆಗೂ ಹನ್ನೊಂದರಿಂದ ಹನ್ನೆರಡರವರೆಗಿನ ಸಭೆಗೂ ಘರ್ಷಣೆಯಿದೆಯೇ ಇಲ್ಲವೇ ಎಂಬುದು ಅದರ ಮೇಲೆ ನಿಂತಿದೆ.

ಅಳತೆಯ ಮಾನಗಳನ್ನು ಪ್ಯಾರಾಮೀಟರ್‌ನ ಹೆಸರಿನಲ್ಲೇ ಸೇರಿಸುವುದು ಅತ್ಯುತ್ತಮ: ಡ್ಯುರೇಷನ್ ಎನ್ನುವ ಬದಲು ಡ್ಯುರೇಷನ್_ಮಿನಿಟ್ಸ್. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ಸೇರುವಾಗ ಕಳೆದುಹೋದದ್ದಕ್ಕೆ ಕಾರಣ, ಭೂಮಿಯಲ್ಲಿದ್ದ ಒಂದು ಸಾಫ್ಟ್‌ವೇರ್ ನೋದನದ ಅಂಕಿಗಳನ್ನು ಪೌಂಡ್-ಬಲದ ಲೆಕ್ಕದಲ್ಲಿ ಕೊಟ್ಟರೆ, ಅದನ್ನು ಬಳಸುವ ಇನ್ನೊಂದು ಸಾಫ್ಟ್‌ವೇರ್ ಅವು ನ್ಯೂಟನ್ ಲೆಕ್ಕದಲ್ಲಿವೆ ಎಂದು ಭಾವಿಸಿದ್ದು. ಅಂಕಿ ಮಾತ್ರ ದಾಟಿಬಂದು ಅದರ ಮಾನ ದಾಟಿಬರದಿದ್ದರೆ ಓದುವವರು ಎಂಜಿನಿಯರ್ ಆಗಿರಲಿ, ಏಜೆಂಟ್ ಆಗಿರಲಿ, ಸಂಭವಿಸುವುದು ಒಂದೇ.

ಐಡಿಗಳ ವಿಷಯದಲ್ಲಿ ಅವು ಎಲ್ಲಿಂದ ಬರುತ್ತವೆ ಎಂಬುದನ್ನು ಬರೆಯಲೇಬೇಕು. “ಸರ್ಚ್_ರೂಮ್ಸ್‌ನ ಫಲಿತಾಂಶದಲ್ಲಿ ಬಂದ ರೂಮ್_ಐಡಿ, ಕೊಠಡಿಯ ಹೆಸರನ್ನು ಇಲ್ಲಿ ಕೊಡಬೇಡಿ” ಎಂದು ಬರೆಯದಿದ್ದರೆ, ಬಳಕೆದಾರರು ಹೇಳಿದ ಕೊಠಡಿಯ ಹೆಸರನ್ನೇ ಏಜೆಂಟ್ ಐಡಿಯ ಜಾಗದಲ್ಲಿ ಇಡಬಹುದು, ಅಥವಾ ನೋಡಲು ಐಡಿಯಂತೆಯೇ ಇರುವ ಏನನ್ನಾದರೂ ಕಲ್ಪಿಸಿಕೊಳ್ಳಬಹುದು.

ಮಾತಿನಲ್ಲಿ ಹೇಳುವುದನ್ನು ಸ್ಕೀಮಾದಲ್ಲಿ ಕಟ್ಟಿಹಾಕಲು ಸಾಧ್ಯವಿದ್ದರೆ ಹಾಗೆಯೇ ಮಾಡಿ. ಬರಬಹುದಾದ ಮೌಲ್ಯಗಳು ನಾಲ್ಕೇ ಇದ್ದರೆ ಅವನ್ನು ಈನಮ್ ಪಟ್ಟಿಯಾಗಿ, ಅಂದರೆ ಒಪ್ಪುವ ಮೌಲ್ಯಗಳ ನಿಗದಿತ ಪಟ್ಟಿಯಾಗಿ, ಕೊಡಿ. ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಮಿನಿಮಮ್, ಮ್ಯಾಕ್ಸಿಮಮ್ ಮೂಲಕ ನಮೂದಿಸಿ. ಕಡ್ಡಾಯವಾದವುಗಳನ್ನು ರಿಕ್ವೈರ್ಡ್ ಪಟ್ಟಿಯಲ್ಲಿ ಸೇರಿಸಿ. ಅಡಿಷನಲ್ ಪ್ರಾಪರ್ಟೀಸ್ ಎಂಬುದನ್ನು ಫಾಲ್ಸ್ ಮಾಡಿ, ಇಲ್ಲದ ಪ್ಯಾರಾಮೀಟರ್‌ಗಳನ್ನು ವ್ಯವಸ್ಥೆ ಮೌನವಾಗಿ ನುಂಗದಂತೆ ನೋಡಿಕೊಳ್ಳಿ. ಐಚ್ಛಿಕವಾದವುಗಳನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ವಾಕ್ಯದಲ್ಲೇ ಬರೆಯಿರಿ. ಒಂದು ಪ್ಯಾರಾಮೀಟರ್ ಇನ್ನೊಂದನ್ನು ಅವಲಂಬಿಸಿದ್ದರೆ, ಉದಾಹರಣೆಗೆ ಸಭೆ ಪುನರಾವರ್ತನೆಯಾಗುವಂಥದ್ದಾದರೆ ಮಾತ್ರ ಕೊನೆಯ ದಿನಾಂಕ ಬೇಕೆಂದಿದ್ದರೆ, ಆ ಸಂಬಂಧವನ್ನು ಎರಡೂ ಕಡೆ ಹೇಳುವುದು ಒಳ್ಳೆಯದು.

ಹೆಜ್ಜೆ 5: ಫಲಿತಾಂಶವೂ ಒಂದು ದಾಖಲೆಯೇ

ಟೂಲ್ ಮರಳಿಸುವ ಉತ್ತರವನ್ನು ಏಜೆಂಟ್ ಓದುತ್ತದೆ, ಅದರಿಂದಲೇ ಮುಂದಿನ ಹೆಜ್ಜೆಯನ್ನು ಕಲಿಯುತ್ತದೆ. ಫಲಿತಾಂಶದ ಕ್ಷೇತ್ರಗಳಿಗೆ ಅರ್ಥಪೂರ್ಣ ಹೆಸರುಗಳಿರಲಿ, ಮುಂದಿನ ಕರೆಗೆ ಬೇಕಾದ ಐಡಿಗಳು ಇರಲಿ, ಏಜೆಂಟ್‌ಗೆ ಎಂದೂ ಬೇಡವಾದ ಒಳಗಿನ ಕ್ಷೇತ್ರಗಳು ಹೊರಗುಳಿಯಲಿ. ಸ್ಟೇಟಸ್ 3 ಎನ್ನುವುದಕ್ಕಿಂತ ಸ್ಟೇಟಸ್ ಕನ್ಫರ್ಮ್ಡ್ ಎಂದು ಬರುವುದು ಉತ್ತಮ, ಅಂಕಿಯ ಅರ್ಥವನ್ನು ಬೇರೆಲ್ಲೋ ದಾಖಲಿಸಿ ಏಜೆಂಟ್ ಅದನ್ನು ನೆನಪಿಟ್ಟುಕೊಳ್ಳಬೇಕಾದ ಅಗತ್ಯವೇ ಆಗ ಬರುವುದಿಲ್ಲ.

ಕತ್ತರಿಸಿದ ಫಲಿತಾಂಶಗಳ ಬಗ್ಗೆ ವಿಶೇಷ ಎಚ್ಚರ ಬೇಕು. 340 ಕಾಯ್ದಿರಿಸುವಿಕೆಗಳಲ್ಲಿ ಮೊದಲ 50ನ್ನು ಮಾತ್ರ ಕೊಟ್ಟು ಸುಮ್ಮನಾದರೆ, ಇರುವುದೇ 50 ಎಂದು ಏಜೆಂಟ್ ಬಳಕೆದಾರರಿಗೆ ಖಚಿತವಾಗಿ ಹೇಳಿಬಿಡುತ್ತದೆ. “340ರಲ್ಲಿ 50 ತೋರಿಸಲಾಗಿದೆ, ಮುಂದಿನವುಗಳಿಗೆ ಈ ಕರ್ಸರ್ ಬಳಸಿ, ಅಥವಾ ದಿನಾಂಕದ ವ್ಯಾಪ್ತಿಯನ್ನು ಕಿರಿದಾಗಿಸಿ” ಎಂಬ ಸಾಲು ಫಲಿತಾಂಶದೊಳಗೇ ಇರಬೇಕು (ಕರ್ಸರ್ ಎಂದರೆ ಪಟ್ಟಿಯಲ್ಲಿ ಎಲ್ಲಿಂದ ಮುಂದುವರಿಯಬೇಕೆಂಬ ಗುರುತು). ಖಾಲಿ ಪಟ್ಟಿಯೂ ಹಾಗೆಯೇ. ಹುಡುಕಿದ್ದು ಸಿಗಲಿಲ್ಲವೇ, ನೋಡಲು ಅನುಮತಿಯಿಲ್ಲವೇ, ಹುಡುಕಾಟವೇ ವಿಫಲವಾಯಿತೇ ಎಂಬ ಮೂರು ಸಂದರ್ಭಗಳು ಒಂದೇ ರೀತಿ ಕಾಣಬಾರದು. ಎಂಸಿಪಿಯಲ್ಲಿ ಈಗ ಫಲಿತಾಂಶಕ್ಕೂ ಒಂದು ಸ್ಕೀಮಾ ಕೊಡಲು ಅವಕಾಶವಿದೆ, ಅದನ್ನು ಬಳಸಿಕೊಳ್ಳಿ.

ಹೆಜ್ಜೆ 6: ದೋಷ ಸಂದೇಶಗಳು

ವಿವರಣೆಯನ್ನು ಓದಿಯೂ ತಪ್ಪಾದಾಗ ಏಜೆಂಟ್ ಓದುವ ಮುಂದಿನ ದಾಖಲೆ ದೋಷ ಸಂದೇಶ. “ಅಮಾನ್ಯ ವಿನಂತಿ” ಎಂಬ ಸಂದೇಶದಿಂದ ಅದು ಏನನ್ನೂ ಕಲಿಯಲಾರದು. ಏನು ತಪ್ಪಾಯಿತು, ಯಾವ ಮೌಲ್ಯ ಬಂತು, ಯಾವುದು ಬರಬೇಕಿತ್ತು, ಈಗ ಏನು ಮಾಡಬೇಕು ಎಂಬ ನಾಲ್ಕೂ ಸಂದೇಶದಲ್ಲಿರಲಿ:

> ಕೊಠಡಿ ಆರ್-204 ಈ ಅವಧಿಯಲ್ಲಿ 15:00ರಿಂದ 15:30ರವರೆಗೆ ಬೇರೊಬ್ಬರಿಗೆ ಕಾಯ್ದಿರಿಸಲಾಗಿದೆ. ಇದೇ ಮೌಲ್ಯಗಳೊಂದಿಗೆ ಮತ್ತೆ ಕರೆಯುವುದರಿಂದ ಪ್ರಯೋಜನವಿಲ್ಲ. ಬೇರೆ ಕೊಠಡಿಗಾಗಿ ಸರ್ಚ್_ರೂಮ್ಸ್ ಬಳಸಿ, ಅಥವಾ ಬೇರೆ ಸಮಯ ಆಗಬಹುದೇ ಎಂದು ಬಳಕೆದಾರರನ್ನು ಕೇಳಿ.

ಇಲ್ಲಿನ ಎರಡನೆಯ ವಾಕ್ಯದ ಮಹತ್ವ ಗಮನಿಸಿ. ಮತ್ತೆ ಪ್ರಯತ್ನಿಸಿದರೆ ಸರಿಹೋಗುವ ದೋಷಗಳು ಬೇರೆ, ಕರೆಯನ್ನು ತಿದ್ದಿದರೆ ಸರಿಹೋಗುವವು ಬೇರೆ, ಮನುಷ್ಯರ ಮಧ್ಯಪ್ರವೇಶವಿಲ್ಲದೆ ಸರಿಹೋಗದವು ಬೇರೆ. ಎಚ್‌ಟಿಟಿಪಿಯಲ್ಲಿ 429 ಎಂಬ ಸಂಕೇತ ವಿನಂತಿಗಳ ಸಂಖ್ಯೆ ಮಿತಿಮೀರಿದೆ ಎಂದು ಹೇಳುತ್ತದೆ, ಮತ್ತು ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಎಷ್ಟು ಹೊತ್ತು ಕಾಯಬೇಕೆಂಬುದನ್ನೂ ತಿಳಿಸುತ್ತದೆ. 403 ಅನುಮತಿಯಿಲ್ಲ ಎನ್ನುತ್ತದೆ, ಅಲ್ಲಿ ಎಷ್ಟು ಕಾದರೂ ಫಲವಿಲ್ಲ. ಈ ವ್ಯತ್ಯಾಸವನ್ನು ಸಂಕೇತಕ್ಕೆ ಮಾತ್ರ ಬಿಡದೆ ಮಾತಿನಲ್ಲೂ ಬರೆಯಿರಿ, ಏಕೆಂದರೆ ನಡುವಿನ ಪ್ರೋಗ್ರಾಮ್ ಸಂಕೇತವನ್ನೂ ಹೆಡರ್ ಅನ್ನೂ ಮಾಡೆಲ್‌ಗೆ ದಾಟಿಸದೇ ಇರಬಹುದು. ಎಂಸಿಪಿ ಸರ್ವರ್ ಬರೆಯುತ್ತಿದ್ದರೆ, ಟೂಲ್ ಓಡುವಾಗ ಆದ ದೋಷವನ್ನು ಪ್ರೋಟೊಕಾಲ್‌ನ ದೋಷವಾಗಿ ಎಸೆಯದೆ, ಫಲಿತಾಂಶದ ಒಳಗೆ ಈಸ್‌ಎರರ್ ಗುರುತಿನೊಂದಿಗೆ ಮರಳಿಸಿ. ಹಾಗೆ ಮಾಡಿದಾಗ ಅದು ಮಾಡೆಲ್‌ನ ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳುವ ಅವಕಾಶ ಅದಕ್ಕೆ ಸಿಗುತ್ತದೆ.

ಹೆಜ್ಜೆ 7: ಪರಿಣಾಮಗಳು ಮತ್ತು ಸುರಕ್ಷತೆ

ಹಿಂದಕ್ಕೆ ತರಲಾಗದ ಕೆಲಸ ಮಾಡುವ ಟೂಲ್‌ನ ವಿವರಣೆಯಲ್ಲಿ ಆ ಸಂಗತಿ ಮೊದಲೆರಡು ವಾಕ್ಯಗಳಲ್ಲೇ ಬರಬೇಕು. ಕ್ಯಾನ್ಸಲ್_ಬುಕಿಂಗ್ ಆಹ್ವಾನಿತರೆಲ್ಲರಿಗೂ ತಕ್ಷಣ ಇಮೇಲ್ ಕಳಿಸುತ್ತದೆಯಾದರೆ ಅದು ಅಡಿಟಿಪ್ಪಣಿಯಲ್ಲಿ ಇಡುವ ವಿಷಯವಲ್ಲ. ಒಂದೇ ಕರೆ ಎರಡು ಬಾರಿ ಹೋದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ, ಏಕೆಂದರೆ ಉತ್ತರ ಬರುವುದು ತಡವಾದಾಗ ಏಜೆಂಟ್ ಮತ್ತೆ ಕರೆಯುವುದು ಸಹಜ. ಐಡೆಂಪೊಟೆನ್ಸಿ ಕೀ (ಒಂದೇ ವಿನಂತಿ ಮತ್ತೆ ಬಂದರೂ ಕೆಲಸ ಒಮ್ಮೆಯೇ ನಡೆಯುವಂತೆ ನೋಡಿಕೊಳ್ಳುವ ಗುರುತು) ಬಳಸುವ ಸೌಲಭ್ಯವಿದ್ದರೆ, ಮರುಪ್ರಯತ್ನದಲ್ಲಿ ಹಳೆಯ ಕೀಯನ್ನೇ ಕಳಿಸಬೇಕು, ಹೊಸ ಕಾಯ್ದಿರಿಸುವಿಕೆಗೆ ಹೊಸ ಕೀ ಬೇಕು ಎಂಬುದನ್ನು ಬಿಡಿಸಿ ಹೇಳಿ.

ಎಂಸಿಪಿಯಲ್ಲಿ ಟೂಲ್ ಓದುವುದಕ್ಕೆ ಮಾತ್ರವೇ, ಹಾನಿಕರ ಬದಲಾವಣೆ ಮಾಡಬಲ್ಲುದೇ, ಪುನರಾವರ್ತಿಸಿದರೆ ಅಪಾಯವಿಲ್ಲವೇ ಎಂಬುದನ್ನು ಸೂಚಿಸುವ ಗುರುತುಗಳಿವೆ. ಅವು ಸೂಚನೆಗಳಷ್ಟೇ; ಯಾವ ತಡೆಯನ್ನೂ ಒಡ್ಡುವುದಿಲ್ಲ. “ಬಳಕೆದಾರರ ಒಪ್ಪಿಗೆ ಪಡೆದ ನಂತರವೇ ಕರೆಯಿರಿ” ಎಂಬ ವಾಕ್ಯದ ಸ್ಥಿತಿಯೂ ಅದೇ. ನಿಜವಾಗಿ ನಡೆಯಬಾರದ ಕೆಲಸವನ್ನು ಅನುಮತಿ ವ್ಯವಸ್ಥೆಯಲ್ಲಿ, ಸರ್ವರ್‌ನ ಕೋಡಿನಲ್ಲಿ ತಡೆಯಬೇಕೇ ಹೊರತು ವಿವರಣೆಯ ಭರವಸೆಯ ಮೇಲೆ ಬಿಡಬಾರದು.

ಟೂಲ್ ಹೊರಗಿನವರು ಬರೆದ ಪಠ್ಯವನ್ನು ಮರಳಿಸುತ್ತಿದ್ದರೆ, ಉದಾಹರಣೆಗೆ ಸಭೆಯ ಟಿಪ್ಪಣಿಗಳನ್ನು, ಅದರೊಳಗೆ ಏಜೆಂಟ್‌ಗೆ ಆದೇಶದಂತೆ ಕಾಣುವ ಮಾತುಗಳನ್ನು ಯಾರಾದರೂ ಸೇರಿಸಿರಬಹುದು. ಪ್ರಾಂಪ್ಟ್ ಇಂಜೆಕ್ಷನ್ ಎಂದು ಕರೆಯುವ ಈ ದಾಳಿಯನ್ನು ದಾಖಲೆಯೊಂದೇ ತಡೆಯಲಾರದು. ಆದರೂ ಯಾವ ಕ್ಷೇತ್ರ ಹೊರಗಿನ ಪಠ್ಯ ಎಂಬುದನ್ನು ಸ್ಪಷ್ಟವಾಗಿ ಗುರುತಿಸಿ, ಅದನ್ನು ಮಾಹಿತಿಯಾಗಿ ಮಾತ್ರ ಪರಿಗಣಿಸಬೇಕೆಂದು ಬರೆಯುವುದು ಬರೆಯುವವರ ಕರ್ತವ್ಯ.

ಕಮಾಂಡ್ ಲೈನ್ ಟೂಲ್‌ಗಳಿಗೆ ಸಂಬಂಧಿಸಿದಂತೆ

ಕೋಡ್ ಬರೆಯುವ ಏಜೆಂಟ್‌ಗಳು ನೇರವಾಗಿ ಶೆಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಬರೆದು ಓಡಿಸುವ ಕಡೆ, ಕೆಲಸ ಮಾಡುತ್ತವೆ. ಅಲ್ಲಿ --ಹೆಲ್ಪ್ ಎಂಬುದೇ ಮೊದಲ ಕೈಪಿಡಿ. ಅದರಲ್ಲಿ ಪ್ರತಿ ಸಬ್‌ಕಮಾಂಡ್‌ಗೂ ಪೂರ್ಣವಾಗಿ ಓಡುವ ಒಂದೆರಡು ಉದಾಹರಣೆಗಳಿರಲಿ. ಹೌದೋ ಅಲ್ಲವೋ ಎಂದು ಕೇಳಿ ಕಾಯುವ ಕಮಾಂಡ್‌ನ ಮುಂದೆ ಏಜೆಂಟ್ ಸಿಕ್ಕಿಹಾಕಿಕೊಳ್ಳುತ್ತದೆ, ಆದ್ದರಿಂದ ಆ ಪ್ರಶ್ನೆಯನ್ನು ತಪ್ಪಿಸುವ ಆಯ್ಕೆ ಯಾವುದು ಎಂಬುದನ್ನು ಬರೆಯಿರಿ. ಡ್ರೈ-ರನ್ (ಏನನ್ನೂ ಬದಲಾಯಿಸದೆ ಏನಾಗಲಿದೆ ಎಂದು ತೋರಿಸುವ) ಸೌಲಭ್ಯವಿದ್ದರೆ ಎದ್ದು ಕಾಣುವಂತೆ ಹೇಳಿ. ಯಶಸ್ಸಾದಾಗ ಸೊನ್ನೆ, ವಿಫಲವಾದಾಗ ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ಪ್ರೋಗ್ರಾಮ್ ಮುಗಿಯುವಾಗ ಮರಳಿಸುವ ಅಂಕಿ) ಬರುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ದೋಷವನ್ನು ಪರದೆಯ ಮೇಲೆ ಮುದ್ರಿಸಿ ಸೊನ್ನೆಯನ್ನೇ ಮರಳಿಸುವ ಪ್ರೋಗ್ರಾಮ್‌ಗಳು ಏಜೆಂಟ್‌ಗಳನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ.

ಹೆಜ್ಜೆ 8: ಏಜೆಂಟ್ ಓಡುವುದನ್ನು ನೋಡಿ ತಿದ್ದುವುದು

ವಿವರಣೆ ಚೆನ್ನಾಗಿದೆಯೇ ಎಂಬುದು ಓದಿದರೆ ಗೊತ್ತಾಗುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟುಕೊಂಡ ಕೆಲಸಗಳನ್ನು ಏಜೆಂಟ್‌ಗೆ ಕೊಡಿ, ಪ್ರತಿಯೊಂದಕ್ಕೂ ಸರಿಯಾದ ಕೊನೆಯ ಸ್ಥಿತಿ ಏನೆಂಬುದನ್ನು ಮೊದಲೇ ನಿರ್ಧರಿಸಿಡಿ, ಮತ್ತು ಪ್ರತಿ ಕೆಲಸವನ್ನೂ ಹಲವು ಬಾರಿ ಓಡಿಸಿ, ಏಕೆಂದರೆ ಮಾಡೆಲ್ ಪ್ರತಿ ಸಲವೂ ಒಂದೇ ದಾರಿ ಹಿಡಿಯುವುದಿಲ್ಲ. ಪಟ್ಟಿಯಲ್ಲಿ ಅಸ್ಪಷ್ಟ ವಿನಂತಿಗಳೂ, ಯಾವ ಟೂಲ್ ಅನ್ನೂ ಕರೆಯಬಾರದ ವಿನಂತಿಗಳೂ ಇರಲಿ.

ಆಮೇಲೆ ಕೂತು ದಾಖಲಾದ ಕರೆಗಳನ್ನು ಒಂದೊಂದಾಗಿ ಓದಬೇಕು. ಇದು ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ದಾರಿಯಿಲ್ಲ. ತಪ್ಪು ಟೂಲ್ ಆರಿಸಿದ್ದರೆ ಮೂರನೆಯ ಹೆಜ್ಜೆಗೆ ಮರಳಿ, ಸಾಮಾನ್ಯವಾಗಿ ಆರಿಸಿದ ಟೂಲ್‌ನ ವಿವರಣೆ ಮತ್ತು ಆರಿಸಬೇಕಾಗಿದ್ದ ಟೂಲ್‌ನ ವಿವರಣೆ ಎರಡನ್ನೂ ತಿದ್ದಬೇಕಾಗುತ್ತದೆ. ಸರಿಯಾದ ಟೂಲ್‌ಗೆ ತಪ್ಪು ಮೌಲ್ಯ ಹೋಗಿದ್ದರೆ ದೋಷ ಪ್ಯಾರಾಮೀಟರ್‌ನ ವಿವರಣೆಯಲ್ಲಿದೆ. ಒಂದೇ ಕರೆ ಪುನರಾವರ್ತನೆಯಾಗಿದ್ದರೆ ದೋಷ ಸಂದೇಶವನ್ನೂ, ಕೆಲಸವನ್ನು ಅರ್ಧಕ್ಕೆ ಬಿಟ್ಟು ಮುಗಿಯಿತೆಂದು ಹೇಳಿದ್ದರೆ ಫಲಿತಾಂಶದ ಸ್ವರೂಪವನ್ನೂ ನೋಡಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಮತ್ತೆ ಓಡಿಸಿ. ಐದನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ. ಕೆಲವು ಕೆಲಸಗಳನ್ನು ತಿದ್ದುವ ಹಂತದಲ್ಲಿ ಬಳಸದೆ ಕೊನೆಯ ಪರೀಕ್ಷೆಗೆಂದು ತೆಗೆದಿರಿಸಿ, ಇಲ್ಲದಿದ್ದರೆ ವಿವರಣೆ ನಿಮ್ಮ ಪಟ್ಟಿಯ ಪ್ರಶ್ನೆಗಳಿಗಷ್ಟೇ ಹೊಂದಿಕೊಂಡುಬಿಡುತ್ತದೆ.

ಹೆಜ್ಜೆ 9: ಬದಲಾವಣೆಗಳ ಜೊತೆ ಹೆಜ್ಜೆ ಹಾಕುವುದು

ವಿವರಣೆಯ ಪಠ್ಯವನ್ನು ಕೋಡಿನ ಜೊತೆ ಒಂದೇ ರೆಪಾಸಿಟರಿಯಲ್ಲಿ (ಕೋಡಿನ ಸಂಗ್ರಹದಲ್ಲಿ) ಇಡಿ, ಮತ್ತು ಟೂಲ್‌ನ ವರ್ತನೆ ಬದಲಾದ ಪ್ರತಿ ಬಾರಿಯೂ ವಿವರಣೆಯನ್ನು ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಸೇರಿಸುವ ಮೊದಲು ಪರಿಶೀಲನೆಗೆ ಒಪ್ಪಿಸುವ ಕೋರಿಕೆಯಲ್ಲಿ) ಪರಿಶೀಲಿಸಿ. ವಿವರಣೆಯಲ್ಲಿರುವ ಉದಾಹರಣೆ ಕರೆಗಳು ಸ್ಕೀಮಾಕ್ಕೆ ಹೊಂದುತ್ತವೆಯೇ, ಅದರಲ್ಲಿ ಉಲ್ಲೇಖಿಸಿದ ಬೇರೆ ಟೂಲ್‌ಗಳು ಇನ್ನೂ ಅದೇ ಹೆಸರಿನಲ್ಲಿವೆಯೇ ಎಂಬುದನ್ನು ಸ್ವಯಂಚಾಲಿತ ಪರೀಕ್ಷೆಗಳಿಂದ ನೋಡಿಕೊಳ್ಳಬಹುದು. ಸ್ಕೀಮಾ ಬದಲಾಗದೆ ವರ್ತನೆ ಮಾತ್ರ ಬದಲಾಗುವ ಸಂದರ್ಭಗಳನ್ನು, ಅಂದರೆ 90 ದಿನಗಳ ಮಿತಿ 60ಕ್ಕೆ ಇಳಿಯುವಂಥವನ್ನು, ಯಾವ ಸ್ವಯಂಚಾಲಿತ ಪರೀಕ್ಷೆಯೂ ತಾನಾಗಿ ಹಿಡಿಯುವುದಿಲ್ಲ. ಅಂಥ ಅಂಕಿಗಳನ್ನು ಕೋಡಿನ ಸ್ಥಿರಾಂಕದಿಂದಲೇ ವಿವರಣೆಗೆ ತುಂಬುವಂತೆ ಮಾಡಿದರೆ ಎರಡೂ ಬೇರೆಯಾಗುವ ಪ್ರಶ್ನೆಯೇ ಇರುವುದಿಲ್ಲ. ಏಜೆಂಟ್ ಬಳಸುವ ಮಾಡೆಲ್ ಬದಲಾದಾಗಲೂ ಎಂಟನೆಯ ಹೆಜ್ಜೆಯ ಪರೀಕ್ಷೆಗಳನ್ನು ಮತ್ತೊಮ್ಮೆ ಓಡಿಸಿ. ಹಳೆಯ ಮಾಡೆಲ್‌ನ ತಪ್ಪುಗಳನ್ನು ತಡೆಯಲು ಸೇರಿಸಿದ್ದ ಕೆಲವು ವಾಕ್ಯಗಳು ಹೊಸದಕ್ಕೆ ಬೇಡವಾಗಿರಬಹುದು, ಮತ್ತು ಒಂದೊಂದನ್ನೇ ತೆಗೆದು ಪರೀಕ್ಷಿಸಿದಾಗ ಫಲಿತಾಂಶ ಕುಗ್ಗದಿದ್ದರೆ ಅವನ್ನು ಅಳಿಸಬಹುದು.